ನಾಯಕ ಬೆನ್ನು ತಿರುಗಿಸಿದಾಗ

ಇಪ್ಪತ್ತಾರು ವರ್ಷ ಬೇರೆಯವರ ಬಾಯಿಗೆ ಕನ್ನಡ ತುರುಕುವ ಕೆಲಸ ಮಾಡಿದೆ. ಡಬ್ಬಿಂಗ್ ಬರಹಗಾರ್ತಿ ಎಂದರೆ ಅಷ್ಟೇ. ಪರದೆಯ ಮೇಲೆ ಯಾರೋ ಹಿಂದಿಯಲ್ಲಿ ಅಳುತ್ತಾರೆ, ಮರಾಠಿಯಲ್ಲಿ ಮುನಿಸಿಕೊಳ್ಳುತ್ತಾರೆ. ಅವರ ತುಟಿ ಅಲ್ಲಾಡುವಷ್ಟು ಹೊತ್ತಿನಲ್ಲಿ ನಾನು ಅದನ್ನು ಕನ್ನಡದಲ್ಲಿ ಮುಗಿಸಿ ಕೊಡಬೇಕು. ಕಳೆದ ವರ್ಷ ಕೆಲಸ ಬಿಟ್ಟೆ. ಈಗ ಹೊಸದಾಗಿ ಈ ಕಸುಬಿಗೆ ಬರುವ ಹುಡುಗಿಯರು ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ, ಪ್ರೀತಿಯ ದೃಶ್ಯ ಬರೆಯುವುದು ಹೇಗೆ ಎಂದು. ಜಗಳ ಬರೆಯುವುದು ಹೇಗೆಂದು ಒಬ್ಬರೂ ಕೇಳುವುದಿಲ್ಲ. ಅದು ಎಲ್ಲರಿಗೂ ಮನೆಯಿಂದಲೇ ಬಂದಿರುತ್ತದೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿಸಿಕೊಳ್ಳುವ ಬದಲು ಬರೆದೇ ಇಡೋಣ ಎಂದು ಕೂತಿದ್ದೇನೆ.

ನಾನು ವಿಜಯಪುರದವಳು, ಮದುವೆಯಾಗಿ ಪುಣೆಗೆ ಬಂದೆ. ನಮ್ಮವರು ಮಾರ್ಕೆಟ್ ಯಾರ್ಡಿನ ಒಂದು ಬೆಲ್ಲದ ಅಡತಿಯಲ್ಲಿ, ಅಂದರೆ ದಲ್ಲಾಳಿ ಅಂಗಡಿಯಲ್ಲಿ, ಗುಮಾಸ್ತರಾಗಿದ್ದರು. ಮಾತು ಬಹಳ ಕಡಿಮೆ. ಇದ್ದ ನಾಲ್ಕು ಮಾತನ್ನೂ ಗೋಡೆಗೋ ಗೂಟಕ್ಕೋ ಹೇಳಿದಂತೆ ಹೇಳಿ ಹೋಗುವ ಸ್ವಭಾವ. ನಾನೋ, ಊರಿನ ಗ್ರಂಥಾಲಯದ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿ, ಗಂಡನಾದವನು ಹೀಗೆ ನೋಡಬೇಕು, ಹಾಗೆ ನುಡಿಯಬೇಕು ಎಂದು ಮನಸ್ಸಿನಲ್ಲೇ ಉದ್ದನೆಯ ಪಟ್ಟಿ ಮಾಡಿಕೊಂಡು ಬಂದವಳು. ಮೊದಲ ವಾರವೇ ಪಟ್ಟಿ ಮಡಚಿ ಟ್ರಂಕಿನ ತಳಕ್ಕೆ ಹಾಕಿದೆ.

ಕೆಲಸ ಸಿಕ್ಕಿದ್ದು ಆಕಸ್ಮಿಕವಾಗಿ. ಇಲ್ಲಿನ ಕನ್ನಡಿಗರು ಆಡಿದ ಒಂದು ನಾಟಕದಲ್ಲಿ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುತ್ತಿದ್ದೆ. ಕರ್ವೆ ರಸ್ತೆಯ ಹಿಂದಿನ ಗಲ್ಲಿಯಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿದ್ದ ಪಾಠಕ್ ಸರ್ ಯಾರದೋ ಜೊತೆ ಅದನ್ನು ನೋಡಲು ಬಂದವರು ನನ್ನನ್ನು ಕೆಲಸಕ್ಕೆ ಕರೆದರು. ಅವರಿಗೆ ಕನ್ನಡದ ಒಂದಕ್ಷರವೂ ಬರದು. ಆದರೆ ಮುಂದೆ ನನ್ನ ಬರಹವನ್ನು ತಿದ್ದಿದವರು ಅವರೇ. ‘ಓಠ ಬಘಾ, ಓಠ’ ಎನ್ನುವರು, ತುಟಿ ನೋಡಿ, ತುಟಿ ಎಂದು. ಪರದೆಯವನ ತುಟಿ ಮುಚ್ಚಿದಾಗ ನಮ್ಮ ಮಾತಿನಲ್ಲಿ ಪ, ಬ, ಮ ಬರಬೇಕು. ಅವನು ಬಾಯಿ ತೆರೆದಿದ್ದರೆ ನಾವೂ ತೆರೆದಿರಬೇಕು. ಅರ್ಥ, ಭಾವ, ಸಾಹಿತ್ಯ ಇವೆಲ್ಲ ಆಮೇಲೆ.

ಆಗಿನ್ನೂ ಕನ್ನಡಕ್ಕೆ ಡಬ್ಬಿಂಗ್ ಸಲ್ಲದು ಎನ್ನುತ್ತಿದ್ದ ಕಾಲ. ಸಿನಿಮಾ, ಧಾರಾವಾಹಿ ಮುಟ್ಟುವಂತಿರಲಿಲ್ಲ. ನಮಗೆ ಬರುತ್ತಿದ್ದುದು ಜಾಹೀರಾತು, ಬೇಸಾಯದ ಚಿತ್ರ, ಕುಟುಂಬ ಯೋಜನೆಯ ಚಿತ್ರ. ಅಲ್ಲಿಯೂ ಪ್ರೀತಿಗೇನೂ ಬರವಿರಲಿಲ್ಲ. ಜಾಹೀರಾತಿನಲ್ಲಿ ಅದು ಮೂವತ್ತು ಸೆಕೆಂಡಿನಲ್ಲಿ ಹುಟ್ಟಿ, ಬೆಳೆದು, ಬಟ್ಟೆ ಸೋಪಿನಲ್ಲಿ ಮುಕ್ತಾಯವಾಗುತ್ತಿತ್ತು. ಕುಟುಂಬ ಯೋಜನೆಯ ಚಿತ್ರದಲ್ಲಿ ಗಂಡ ಹೆಂಡತಿ ನಡುವೆ ಒಬ್ಬ ಡಾಕ್ಟರು ಕೂತಿರುತ್ತಿದ್ದರು. ಅಂಥ ಪ್ರೀತಿಗೂ ನಾನು ಮನಸ್ಸಿಟ್ಟೇ ಬರೆದಿದ್ದೇನೆ.

ನನ್ನ ಮೊದಲ ದೊಡ್ಡ ಎಡವಟ್ಟು ಒಂದು ಚಹಾಪುಡಿಯ ಜಾಹೀರಾತಿನಲ್ಲಿ ಆಯಿತು. ಗಂಡ ಒಂದು ಗುಟುಕು ಕುಡಿದು ಹೆಂಡತಿಯ ಕಡೆ ನೋಡಿ ಏನೋ ಮೆಚ್ಚುಗೆಯ ಮಾತು ಹೇಳುತ್ತಾನೆ. ತುಟಿ ಮೊದಲಿಗೇ ಒಮ್ಮೆ, ನಡುವೆ ಒಮ್ಮೆ ಮುಚ್ಚುತ್ತದೆ. ಎಷ್ಟು ಹೆಣಗಿದರೂ ಕೂರಲಿಲ್ಲ. ಕೊನೆಗೆ ‘ಬೆಲ್ಲದಂಥ ಮನಸ್ಸು ನಿನ್ನದು’ ಎಂದು ಬರೆದೆ. ತುಟಿಗೆ ಅಚ್ಚುಕಟ್ಟಾಗಿ ಕೂತಿತು, ಪಾಠಕ್ ಸರ್ ತಲೆಯಾಡಿಸಿದರು. ಮರುವಾರ ಚಹಾ ಕಂಪನಿಯವರು ಬಂದು ನಾವು ಮಾರುವುದು ಚಹಾವೋ ಬೆಲ್ಲವೋ ಎಂದು ಜಗಳ ತೆಗೆದರು. ಮನೆಗೆ ಬಂದು ನಮ್ಮವರಿಗೆ ಹೇಳಿಕೊಂಡರೆ, ಅಂಗಿಯನ್ನು ಗೂಟಕ್ಕೆ ಹಾಕುತ್ತ ಅವರು ಕೇಳಿದ್ದು, ಕೊಲ್ಹಾಪುರದ ಬೆಲ್ಲವೋ ಮಹಾಲಿಂಗಪುರದ್ದೋ ಎಂದು. ಬರೀ ಬೆಲ್ಲ ಎಂದು ಬರೆದದ್ದು ತಪ್ಪು ಎಂಬುದು ಅವರ ವಿಮರ್ಶೆಯಾಗಿತ್ತು.

ಬೆಲ್ಲದ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಸ್ಟುಡಿಯೋದ ಎ.ಸಿ.ಯಲ್ಲಿ ದಿನವಿಡೀ ಮಾತು ಓದಿ ಹೇಳಿಕೊಡುವ ಕೆಲಸದಲ್ಲಿ ಗಂಟಲು ಕಟ್ಟುತ್ತದೆ. ನನ್ನ ಚೀಲದಲ್ಲಿ ಯಾವಾಗಲೂ ಕಾಗದದಲ್ಲಿ ಸುತ್ತಿದ ಒಂದು ಬೆಲ್ಲದ ಹೆಂಟೆ ಇರುತ್ತಿತ್ತು. ಅಡತಿಯವರ ಮನೆಯಲ್ಲಿ ಎಲ್ಲಿ ಕೈ ಹಾಕಿದರೂ ಬೆಲ್ಲವೇ ಸಿಗುವುದು ಎಂದುಕೊಂಡು, ಅರ್ಧ ನಾನು ತಿಂದು ಅರ್ಧ ಅಲ್ಲಿದ್ದವರಿಗೆ ಹಂಚುತ್ತಿದ್ದೆ.

ಧಾರಾವಾಹಿಗಳು ಬಂದದ್ದು ಬಹಳ ತಡವಾಗಿ, ನನ್ನ ಕೊನೆಯ ಏಳೆಂಟು ವರ್ಷಗಳಲ್ಲಿ. ಬಂದವು ನೋಡಿ, ಕಟ್ಟೆ ಒಡೆದ ಹಾಗೆ. ನಾನು ಓದಿದ್ದ ಕಾದಂಬರಿಗಳ ಪ್ರೇಮಿಗಳಿಗೂ ಇವರಿಗೂ ಸಂಬಂಧವೇ ಇಲ್ಲ. ಕಾದಂಬರಿಯವರು ಒಂದು ಪತ್ರ ಬರೆಯಲು ಮೂರು ಅಧ್ಯಾಯ ತೆಗೆದುಕೊಳ್ಳುತ್ತಿದ್ದರು, ಅದು ತಲುಪುವ ಹೊತ್ತಿಗೆ ಅವಳಿಗೆ ಕ್ಷಯ. ಸಿನಿಮಾದವರು ಕಾಲೇಜಿನ ಮೆಟ್ಟಿಲ ಮೇಲೆ ಡಿಕ್ಕಿ ಹೊಡೆದು ಪುಸ್ತಕ ಚೆಲ್ಲಿ, ಆರಿಸುವಾಗ ಪ್ರೀತಿಸುತ್ತಿದ್ದರು. ಧಾರಾವಾಹಿಯಲ್ಲಿ ಅವಳ ಸೆರಗು ಅವನ ಗಡಿಯಾರಕ್ಕೆ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಒಂದು ವಾರ ಬೇಕು. ಒಂದು ಮಾತ್ರ ಮೂರಕ್ಕೂ ಸಮಾನ. ಪ್ರೀತಿಸುವವರು ಯಾರೂ ಹೊಟ್ಟೆ ತುಂಬ ಉಣ್ಣುವುದಿಲ್ಲ. ತಾಟು ಬರುತ್ತದೆ, ಒಬ್ಬರನ್ನೊಬ್ಬರು ನೋಡುತ್ತಾರೆ, ತಾಟು ಹೋಗುತ್ತದೆ. ನಾನು ಉತ್ತರ ಕರ್ನಾಟಕದವಳು, ಇದನ್ನು ಕೊನೆಯವರೆಗೂ ಒಪ್ಪಿಕೊಳ್ಳಲಾಗಲಿಲ್ಲ.

ಹೊಸಬರು ಗಟ್ಟಿಯಾಗಿ ನೆನಪಿಡಬೇಕಾದ್ದು ಪಾಠಕ್ ಸರ್ ಕಲಿಸಿದ ಒಂದು ಗುಟ್ಟು. ಪಾತ್ರ ಬೆನ್ನು ತಿರುಗಿಸಿದಾಗ ಬರಹಗಾರನಿಗೆ ರಜೆ. ತುಟಿ ಕಾಣುವುದಿಲ್ಲವಲ್ಲ, ಉದ್ದ ಒಂದು ಸರಿಹೋದರೆ ಏನು ಬೇಕಾದರೂ ಬರೆಯಬಹುದು. ನಾಯಕ ಕಿಟಕಿಯ ಕಡೆ ತಿರುಗಿ ನಿಂತನೆಂದರೆ ನನ್ನ ಪೆನ್ನಿಗೆ ಹಬ್ಬ. ನನ್ನ ಒಳ್ಳೆಯ ವಾಕ್ಯಗಳೆಲ್ಲ ಬೆನ್ನುಗಳಿಗೇ ಸೇರಿವೆ. ಮುಖಗಳಿಗೆ ಬರೆದದ್ದು ಬರೀ ಹೊಂದಾಣಿಕೆ.

ಕೆಲಸದ ರೀತಿಯೂ ಬದಲಾಗಿತ್ತು. ಮೊದಲು ಒಂದೇ ಮೈಕಿನ ಸುತ್ತ ಎಲ್ಲರೂ ನಿಲ್ಲುತ್ತಿದ್ದರು. ನಾಯಕ ನಾಯಕಿಯ ದನಿಯವರು ಒಂದೇ ಹಾಳೆಗೆ ಇಣುಕಬೇಕು, ಒಬ್ಬರು ಸೀನಿದರೆ ಎಲ್ಲರೂ ಮೊದಲಿನಿಂದ. ಈಗ ಒಬ್ಬೊಬ್ಬರೇ ಬರುತ್ತಾರೆ. ಅವಳು ತನ್ನ ಮಾತು ಹೇಳಿ ಹೋಗುತ್ತಾಳೆ, ಇನ್ನೊಂದು ದಿನ ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅವಳ ದನಿಗೆ ಉತ್ತರ ಕೊಡುತ್ತಾನೆ. ವರ್ಷಗಟ್ಟಲೆ ಜನ್ಮಜನ್ಮದ ಮಾತಾಡಿದವರು ಎದುರಿಗೆ ಬಂದರೆ ಗುರುತೇ ಹತ್ತುವುದಿಲ್ಲ.

ಹಾಗೆ ಗುರುತಿಲ್ಲದ ಇಬ್ಬರ ಕಥೆಯೇ ನಾನು ಹೇಳಬೇಕಾದ್ದು. ಮಲ್ಲಿಕಾರ್ಜುನ, ನಮ್ಮ ಮಲ್ಲು, ಮಾರ್ಕೆಟ್ ಯಾರ್ಡಿನಲ್ಲಿ ಬಟಾಟೆ, ಉಳ್ಳಾಗಡ್ಡಿ, ಶುಂಠಿಯ ಅಂಗಡಿ ಇಟ್ಟಿದ್ದ ವಿಜಯಪುರದವರ ಮಗ. ಬೆಳಿಗ್ಗೆ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಕೂಗಿ, ಮಧ್ಯಾಹ್ನ ಸ್ನಾನ ಮಾಡಿ ಬಂದು, ನಮ್ಮ ಧಾರಾವಾಹಿಯ ಕೋಟ್ಯಧೀಶ ನಾಯಕನಿಗೆ ದನಿ ಕೊಡುತ್ತಿದ್ದ. ನಾಯಕಿಯ ದನಿ ಚೈತ್ರಾಳದು. ಮೈಸೂರಿನ ಹುಡುಗಿ, ವಿಮಾನ ನಗರದ ಕಂಪನಿಯೊಂದರಲ್ಲಿ ಕೆಲಸ, ಶನಿವಾರ ಭಾನುವಾರ ಹವ್ಯಾಸಕ್ಕೆಂದು ಬರುತ್ತಿದ್ದಳು. ಅವಳು ಬಂದಾಗ ಇವನಿಲ್ಲ, ಇವನು ಬಂದಾಗ ಅವಳಿಲ್ಲ. ಹೀಗೆ ಎರಡು ವರ್ಷ ಪರದೆಯ ಮೇಲೆ ಪ್ರೀತಿಸಿದರು.

ರೆಕಾರ್ಡಿಂಗ್ ಮಾಡುತ್ತಿದ್ದ ಶಿಂದೆ ಒಂದು ದಿನ ನನ್ನ ಹತ್ತಿರ ದೂರು ತಂದ. ಮಲ್ಲು ಅವಳ ದನಿಯನ್ನು ಎರಡೆರಡು ಸಲ ಹಾಕಿಸಿ ಕೇಳುತ್ತಾನೆ, ಕೆಲಸ ನಿಧಾನವಾಗುತ್ತಿದೆ ಎಂದು. ಶಿಂದೆಗೆ ಕನ್ನಡ ಬರುವುದಿಲ್ಲ, ಆದ್ದರಿಂದ ಇದು ಭಾಷೆಯ ಸಮಸ್ಯೆ ಎಂದು ತಿಳಿದಿದ್ದ. ನನಗೆ ತಿಳಿಯಿತು. ಮಲ್ಲುವನ್ನು ಕೂರಿಸಿ ಕೇಳಿದಾಗ ಅವನ ಕಿವಿ ಕೆಂಪಗಾಯಿತು. ಧಾರಾವಾಹಿ ಇನ್ನು ಒಂದೂವರೆ ತಿಂಗಳಲ್ಲಿ ಮುಗಿಯುವುದಿತ್ತು. ಅದು ಮುಗಿದ ಮೇಲೆ ಅವಳು ಸ್ಟುಡಿಯೋದ ಕಡೆ ಬರುವ ಕಾರಣವೇ ಇರಲಿಲ್ಲ. ಅಷ್ಟರೊಳಗೆ ಹೇಳದಿದ್ದರೆ ಇಲ್ಲ.

“ಅಕ್ಕಾರ, ನಾ ಏನಂತ ಮಾತಾಡ್ಲಿ? ನನ್ನ ಮಾತು ಕೇಳಿದ್ರ ಅಕಿ ಹೆದರ್ತಾಳ,” ಎಂದ. “ನೀವ ನಾಕು ಸಾಲು ಬರದುಕೊಡ್ರಿ.”

ಅಲ್ಲಿ ನನ್ನ ಜಂಬ ಎದ್ದಿತು. ಇಷ್ಟು ವರ್ಷ ಕಾಣದ ಜನರ ಪ್ರೀತಿಗೆ ಬರೆದವಳು, ನಮ್ಮ ಹುಡುಗನಿಗೆ ಬರೆಯಲಾರೆನೇ? ಎರಡು ದಿನ ಕೂತು ಒಂದು ಪುಟ ಬರೆದೆ. ಇವತ್ತಿಗೂ ಹೇಳುತ್ತೇನೆ, ಅದು ಒಳ್ಳೆಯ ಪುಟ. ನಾನೇ ಚೈತ್ರಾಳಿಗೆ ಫೋನ್ ಮಾಡಿ, ನಿನ್ನ ನಾಯಕನನ್ನು ಒಮ್ಮೆ ಮುಖಾಮುಖಿ ನೋಡು ಎಂದು ಹೇಳಿ ವಿಮಾನ ನಗರದ ಒಂದು ಕಾಫಿ ಅಂಗಡಿಯಲ್ಲಿ ಭೇಟಿ ಮಾಡಿಸಿದೆ.

ಅಲ್ಲಿ ನಡೆದದ್ದನ್ನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿದೆ. ಅವನು ಕೂತವನೇ ಗಂಟಲು ಸರಿಮಾಡಿಕೊಂಡು ಕೋಟ್ಯಧೀಶನ ದನಿಯಲ್ಲಿ ಇಡೀ ಪುಟ ಒಪ್ಪಿಸಿದನಂತೆ. ಪಕ್ಕದ ಮೇಜಿನವರು ತಿರುಗಿ ನೋಡಿದರಂತೆ. ಅಷ್ಟೇ ಆಗಿದ್ದರೆ ನಕ್ಕು ಮುಗಿಯುತ್ತಿತ್ತು. ಆದರೆ ಎರಡು ವರ್ಷದ ಅಭ್ಯಾಸ ಎಲ್ಲಿ ಬಿಡುತ್ತದೆ? ಎದುರಿಗಿನ ಮುಖದಲ್ಲಿ ಅವನ ದೃಷ್ಟಿ ನೆಟ್ಟಿದ್ದು ತುಟಿಯ ಮೇಲೆ. ಕಣ್ಣು ನೋಡಬೇಕೆಂದು ನಮ್ಮ ಕಸುಬಿನಲ್ಲಿ ಯಾರೂ ಕಲಿಸಿರುವುದಿಲ್ಲ. ಅವಳು ಬಾಯಿ ತೆರೆದಾಗಲೆಲ್ಲ ಇವನು ಸುಮ್ಮನಾಗುವುದು, ಮುಚ್ಚಿದ ಕೂಡಲೇ ಶುರು ಮಾಡುವುದು. ಆ ಹುಡುಗಿಗೆ ಹೇಗಾಗಿರಬೇಡ.

ಅವಳು ಪೂರ್ತಿ ಕೇಳಿಸಿಕೊಂಡು ಹೀಗೆಂದಳಂತೆ: “ಇದು ಮೇಡಂ ಬರೆದಿದ್ದು ಅಲ್ವಾ? ಎರಡು ವರ್ಷದಿಂದ ಇದನ್ನೇ ಕೇಳ್ತಾ ಇದೀನಿ. ನಿಮ್ಮ ಮಾತು ಯಾವುದು, ಅದನ್ನ ಹೇಳಿ.”

ಅದಕ್ಕೆ ನಾನು ಉತ್ತರ ಬರೆದುಕೊಟ್ಟಿರಲಿಲ್ಲ. ಅವಳು ಎದ್ದು ಹೋದಳು. ಮರುದಿನ ನನಗೆ ಫೋನ್ ಮಾಡಿ, ಸಿಟ್ಟಿಲ್ಲ ಮೇಡಂ, ಆದರೆ ಇದು ಮುಗಿದ ಮೇಲೆ ಇನ್ಯಾವುದಕ್ಕೂ ನನ್ನನ್ನು ಕರೆಯಬೇಡಿ ಎಂದಳು. ಮೆತ್ತಗೆ ಹೇಳಿದ ಮಾತೇ ಹೆಚ್ಚು ನಾಟುತ್ತದೆ.

ನನಗೆ ನಿಜವಾಗಿ ಬೇಸರವಾಯಿತು. ಹುಡುಗನ ಬದುಕಿನ ಒಂದೇ ಒಂದು ಮಾತನ್ನು ನಾನು ನುಂಗಿ ಕೂತಿದ್ದೆ. ಅಂಗಡಿ ಕಡೆಗೂ ಅವನು ಸರಿಯಾಗಿ ಹೋಗುತ್ತಿಲ್ಲ, ಲಿಲಾವಿನಲ್ಲಿ ದನಿಯೇ ಏಳುತ್ತಿಲ್ಲ ಎಂದು ಅವನ ತಂದೆ ನಮ್ಮವರ ಹತ್ತಿರ ಹೇಳಿಕೊಂಡಿದ್ದರು. ನಾನು ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ನಮ್ಮವರು ಆಗ ಕೆಲಸ ಬಿಟ್ಟು ಮನೆಯಲ್ಲೇ ಇದ್ದರು. ನನಗೆ ಬೆನ್ನು ಮಾಡಿ ನಿಂತು ಕೊಡಕ್ಕೆ ನೀರು ಹಿಡಿಯುತ್ತಿದ್ದರು.

“ಮಾತು ಅವಂದು. ನೀ ಯಾಕ ಆಡ್ಲಿಕ್ಕೆ ಹೋದಿ?” ಎಂದರು. ಕೊಡ ತುಂಬಿತು, ನಲ್ಲಿ ನಿಲ್ಲಿಸಿ ಒಳಗೆ ಹೋದರು.

ಧಾರಾವಾಹಿಯ ಕೊನೆಯ ಕಂತುಗಳಲ್ಲಿ ಒಂದು ದೃಶ್ಯ ಬಂದಿತು. ನಾಯಕ ಅರಮನೆಯ ಕಿಟಕಿಯ ಮುಂದೆ ನಿಂತು, ನಾಯಕಿಗೆ ಬೆನ್ನು ಮಾಡಿ, ಮುಕ್ಕಾಲು ನಿಮಿಷ ಮಾತಾಡುತ್ತಾನೆ. ಮೂಲದಲ್ಲಿ ಚಂದ್ರ ಇದ್ದ, ಏಳು ಜನ್ಮ ಇದ್ದವು. ನಾನು ಅದನ್ನು ಕನ್ನಡಕ್ಕೆ ಬರೆದೆ. ಆದರೆ ರೆಕಾರ್ಡಿಂಗಿಗೆ ಬಂದ ಮಲ್ಲುವಿನ ಕೈಗೆ ಹಾಳೆ ಕೊಡಲಿಲ್ಲ. ಆ ವಾರ ಚೈತ್ರಾಳಿಗೆ ಆಫೀಸಿನ ಕೆಲಸವಿದ್ದು ಅವಳ ಸರದಿ ಹಿಂದಾಗಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಅವನು ಮುಂಚೆ, ಅವಳು ಆಮೇಲೆ. ಈ ಸಲ ಅವನ ದನಿಯನ್ನು ಅವಳು ಹೆಡ್‌ಫೋನಿನಲ್ಲಿ ಕೇಳಬೇಕು.

“ಇಲ್ಲಿ ಅವನ ಬೆನ್ನದ, ತುಟಿ ಕಾಣೂದಿಲ್ಲ,” ಎಂದೆ. “ಮೊದಲನೇ ಸಲ ನಿಂದು ಮಾತಾಡು. ಎರಡನೇ ಸಲ ನನ್ನ ಹಾಳಿ ಓದು. ಅಕಿ ಮೊದಲನೇದು ಕೇಳ್ತಾಳ, ಟೀವಿಗೆ ಎರಡನೇದು ಹೋಗ್ತದ.”

ಮಲ್ಲು ಪರದೆಯ ಮೇಲಿನ ಆ ಬೆನ್ನಿಗೆ ಎದುರಾಗಿ ಮೈಕಿನ ಮುಂದೆ ನಿಂತ. ಆಮೇಲೆ ಅಂಗಡಿಯಲ್ಲಿ ಪರಿಚಯದವರ ಜೊತೆ ಮಾತಾಡುವ ದನಿಯಲ್ಲಿ ಶುರು ಮಾಡಿದ.

“ನಿಮ್ಮ ದನಿ ಕೇಳ್ಕೋತ ಎರಡು ವರ್ಷ ಆತ್ರಿ. ನೀವು ಆಡಿದ ಮಾತು ಬಿಡ್ರಿ, ಅವು ಅಕ್ಕಾರು ಬರದದ್ದು. ನಡುವ ನೀವು ಹಾಳಿ ತಿರುವೋದು, ನೀರು ಕುಡಿಯೋದು, ತಪ್ಪಿದಾಗ ನಿಮ್ಮಷ್ಟಕ್ಕ ನೀವ ನಗೋದು, ಅದನ್ನ ಕೇಳೇನ್ರಿ. ಹ್ವಾದ ವರ್ಷ ನಿಮಗ ನೆಗಡಿಯಾಗಿ ಎರಡು ವಾರ ಮೂಗಿನ್ಯಾಗ ಮಾತಾಡಿದ್ರಿ. ನಮ್ಮ ಅಂಗಡ್ಯಾಗ ಚೀಲಗಟ್ಲೆ ಹಸಿಶುಂಠಿ ಬಿದ್ದಿತ್ತು. ಒಂದೀಟು ಕಳಸಬೇಕಂತ ಮಾಡಿದ್ದೆ, ಧೈರ್ಯ ಆಗಲಿಲ್ಲ. ಅದೊಂದು ಮನಸ್ಸಿನ್ಯಾಗ ಹಂಗ ಉಳದದ.”

ಮುಕ್ಕಾಲು ನಿಮಿಷಕ್ಕೆ ಸರಿಯಾಗಿ ಮುಗಿಯಿತು. ಶಿಂದೆ ಹೆಬ್ಬೆರಳೆತ್ತಿ ಚೆನ್ನಾಗಿದೆ ಎಂದ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಹಾಳೆ ತಿರುವುವ ಸದ್ದು, ನೀರು ಕುಡಿಯುವ ಸದ್ದು, ಇವೆಲ್ಲ ನಾವು ಕತ್ತರಿಸಿ ಬಿಸಾಡುವಂಥವು. ಹುಡುಗ ಅದನ್ನೇ ಎರಡು ವರ್ಷ ಕೂಡಿಟ್ಟುಕೊಂಡಿದ್ದ.

ಭಾನುವಾರ ಚೈತ್ರಾ ಬಂದಳು. ಗಾಜಿನ ಆಚೆ ಅವಳು, ಈಚೆ ನಾನು ಮತ್ತು ಶಿಂದೆ. ದೃಶ್ಯ ಓಡಿತು. ಅವಳ ಕೈಯಲ್ಲಿದ್ದ ಹಾಳೆ ಮೆಲ್ಲಗೆ ಕೆಳಗಿಳಿಯಿತು. ಇನ್ನೊಮ್ಮೆ ಹಾಕಿ ಎಂದು ಬೆರಳು ತೋರಿಸಿದಳು. ಎರಡನೆಯ ಸಲ ನಡುವೆಯೇ ನಮಗೆ ಬೆನ್ನು ತಿರುಗಿಸಿ ಗೋಡೆಯ ಕಡೆ ನಿಂತಳು. ಮುಖ ಕಾಣುತ್ತಿಲ್ಲ. ನಗುತ್ತಿದ್ದಾಳೋ, ಬೈಯಲು ತಯಾರಾಗುತ್ತಿದ್ದಾಳೋ ತಿಳಿಯಲಿಲ್ಲ. ಆಮೇಲೆ ಮೈಕಿನಲ್ಲಿ ಅವಳ ದನಿ ಕೇಳಿಸಿತು.

“ಮೇಡಂ, ಈಗ ನೆಗಡಿ ಇಲ್ಲ. ಆದ್ರೂ ಶುಂಠಿ ಕಳಿಸಬಹುದು ಅಂತ ಹೇಳಿ.”

ಇಲ್ಲಿಗೆ ಮುಗಿದಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಆದರೆ ಶಿಂದೆ, ಅವಳಿಗೆ ಕೇಳಿಸಿದ್ದೇ ಖಾಯಂ ಮಾಡಿದ್ದು ಎಂದುಕೊಂಡು, ಅದನ್ನೇ ಚಾನೆಲ್ಲಿಗೆ ಕಳಿಸಿಬಿಟ್ಟ. ಅವನಿಗೆ ಎರಡೂ ಒಂದೇ, ಎರಡೂ ಮುಕ್ಕಾಲು ನಿಮಿಷ. ಅವನನ್ನು ಬೈಯುವ ಬಾಯಿ ನನಗಿರಲಿಲ್ಲ, ಎಚ್ಚರಿಸಬೇಕಾದವಳು ನಾನು. ಹೀಗಾಗಿ ಒಂದು ಗುರುವಾರ ಸಂಜೆ, ಹೆಲಿಕಾಪ್ಟರಿನಲ್ಲಿ ಓಡಾಡುವ ಆ ಕೋಟ್ಯಧೀಶ, ಅರಮನೆಯ ಕಿಟಕಿಯ ಮುಂದೆ ನಿಂತು, ತನ್ನ ಅಂಗಡಿಯಲ್ಲಿ ಚೀಲಗಟ್ಟಲೆ ಹಸಿಶುಂಠಿ ಬಿದ್ದದ್ದನ್ನು ವಿಜಯಪುರದ ಕನ್ನಡದಲ್ಲಿ ಇಡೀ ಕರ್ನಾಟಕಕ್ಕೆ ಹೇಳಿದ. ಮರುದಿನ ಚಾನೆಲ್ಲಿನಿಂದ ಫೋನ್. ನನ್ನ ಅರ್ಧ ವಯಸ್ಸಿನ ಅಧಿಕಾರಿಣಿ ಇಂಗ್ಲಿಷಿನಲ್ಲಿ ಬೈದಳು, ನಾನು ಇಂಗ್ಲಿಷಿನಲ್ಲೇ ತಪ್ಪೊಪ್ಪಿಗೆ ಬರೆದುಕೊಟ್ಟೆ. ನೋಡಿದವರಿಗೆ ಮಾತ್ರ ತಪ್ಪೆನಿಸಿರಲಿಲ್ಲ. ಬಾಗಲಕೋಟೆಯ ನನ್ನ ತಂಗಿ ಫೋನ್ ಮಾಡಿ, ನಾಯಕನ ಅಕ್ಕ ಯಾವಾಗ ಬರುತ್ತಾಳೆ, ಅವಳೇ ಎಲ್ಲ ಬರೆಯುತ್ತಿದ್ದಾಳಂತಲ್ಲ ಎಂದು ಕೇಳಿದಳು.

ಆ ಗುರುವಾರ ನಮ್ಮ ಮನೆಯಲ್ಲೂ ಟೀವಿ ಹಚ್ಚಿದ್ದೆ. ನಮ್ಮವರು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಶುಂಠಿಯ ಮಾತು ಬಂದದ್ದೇ ನಾನು ತಲೆಯ ಮೇಲೆ ಕೈಯಿಟ್ಟು ಕೂತೆ. ಅವರು ತಿರುಗದೆಯೇ, ಇದು ನೀ ಬರದದ್ದಲ್ಲ ಎಂದರು. ಹೇಗೆ ಗೊತ್ತಾಯಿತೆಂದು ಕೇಳಿದೆ.

“ಇದರಾಗ ತಿನ್ನೋ ವಸ್ತು ಅದ,” ಎಂದರು.

ಮಲ್ಲು ಮತ್ತು ಚೈತ್ರಾಳ ಮದುವೆ ಮರುವರ್ಷ ಆಯಿತು. ಊಟದಲ್ಲಿ ಮೈಸೂರಿನವರ ಸಾರು, ವಿಜಯಪುರದವರ ರೊಟ್ಟಿ ಎರಡೂ ಇದ್ದವು, ಎರಡು ಕಡೆಯವರೂ ಇನ್ನೊಬ್ಬರದನ್ನು ರುಚಿ ನೋಡಿ ಸುಮ್ಮನಿದ್ದರು. ಈಗ ಅವರಿಬ್ಬರೂ ಜಗಳವಾಡುವುದು ಅವರವರ ಕನ್ನಡದಲ್ಲೇ. ನನ್ನಿಂದ ಬರೆಸುವುದಿಲ್ಲ.

ಕೆಲಸ ಬಿಟ್ಟ ದಿನ ಸ್ಟುಡಿಯೋದವರು ಶಾಲು ಹೊದಿಸಿ ಕಳಿಸಿದರು. ಮನೆಗೆ ಬಂದು ಚೀಲ ಖಾಲಿ ಮಾಡುವಾಗ ತಳದಲ್ಲಿ ಕಾಗದದ ಪೊಟ್ಟಣ ಸಿಕ್ಕಿತು. ಅವತ್ತಿನ ಗದ್ದಲದಲ್ಲಿ ಬಿಚ್ಚಿರಲೇ ಇಲ್ಲ. ಬೆಲ್ಲವನ್ನು ಕೈಯಲ್ಲಿ ಹಿಡಿದು ನಿಂತಾಗ ತಟ್ಟನೆ ಹೊಳೆಯಿತು. ನಮ್ಮವರು ಅಡತಿ ಬಿಟ್ಟು ಆಗಲೇ ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಕೈ ಹಾಕಿದಲ್ಲೆಲ್ಲ ಬೆಲ್ಲ ಸಿಗುವ ಕಾಲ ಎಂದೋ ಮುಗಿದಿತ್ತು. ನನ್ನ ಚೀಲದಲ್ಲಿ ಮಾತ್ರ ಅದು ಒಂದು ದಿನವೂ ತಪ್ಪಿರಲಿಲ್ಲ. ಎಲ್ಲಿಂದ ತರುತ್ತಿದ್ದರು, ಯಾವಾಗ ಕಟ್ಟಿಡುತ್ತಿದ್ದರು, ನಾನು ನೋಡಿಯೇ ಇರಲಿಲ್ಲ. ನಾಯಕರ ತುಟಿ ನೋಡುವುದರಲ್ಲೇ ನನ್ನ ಇಪ್ಪತ್ತಾರು ವರ್ಷ ಹೋಗಿದ್ದವು.

ಅಡುಗೆಮನೆಗೆ ಹೋದೆ. ಒಲೆಯ ಕಡೆ ತಿರುಗಿ ನಿಂತು ಚಹಾ ಕುದಿಸುತ್ತಿದ್ದರು. ರೀ, ಇದನ್ನ ದಿನಾ ಯಾಕ ಇಡ್ತಿದ್ರಿ ಎಂದು ಕೇಳಿದೆ. ಅವರು ತಿರುಗಲಿಲ್ಲ.

“ಮಾತಾಡಿ ಮಾತಾಡಿ ಗಂಟಲ ಒಣಗ್ತದಲ್ಲ ನಿಂದು.”

ಬೆನ್ನು ನನ್ನ ಕಡೆಗಿತ್ತು, ತುಟಿ ಕಾಣುತ್ತಿರಲಿಲ್ಲ. ಆ ಜಾಗದಲ್ಲಿ ನಾನು ಏನು ಬೇಕಾದರೂ ಬರೆದುಕೊಳ್ಳಬಹುದಿತ್ತು. ಒಂದಕ್ಷರವನ್ನೂ ಬದಲಿಸಲಿಲ್ಲ.